ಹಳೆಯ ಬಣ್ಣದ ಟೆಲಿವಿಷನ್: ಜೀರ್ಣೋದ್ಧಾರವೋ, ಶವಾಲಂಕಾರವೋ?

ಹಳೆಯ ಬಣ್ಣದ ಟೆಲಿವಿಷನ್ ಪೆಟ್ಟಿಗೆಗಳನ್ನು ಹುಡುಕಿ ತಂದು ಕಾಪಾಡುವವರು ಅಮೆರಿಕಾ, ಇಂಗ್ಲೆಂಡು ಮುಂತಾದ ದೇಶಗಳಲ್ಲಿ ಅನೇಕರಿರುವರು. ಈ ನಾಡಿನಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ತಲೆದೋರಿರುವರು. ಇವರನ್ನು ಕುರಿತು ವಿದ್ಯಾವಂತರಲ್ಲಿ ಎರಡು ಬಗೆಯ ನಡವಳಿಕೆಯುಂಟು. ಕೆಲಸವಿಲ್ಲದವರ ಹುಚ್ಚೆಂದು ನಗುವುದು ಒಂದು. ಸದಭಿರುಚಿಯೆಂದು ಹೊಗಳಿ, ತಾವೂ ಅಂತಹ ಪೆಟ್ಟಿಗೆಯೊಂದನ್ನು ಕೊಂಡುತಂದು, ಅದರ ಹೊಟ್ಟೆಯನ್ನು ಬಗೆದು, ಒಳಗಿನದೆಲ್ಲವನ್ನೂ ಗುಜರಿಯವನಿಗೆ ತೂಗಿಕೊಟ್ಟು, ಆ ಬರಿದಾದ ಜಾಗದಲ್ಲಿ ಮೀನಿನ ತೊಟ್ಟಿಯನ್ನೋ ಈಗಿನ ಚಪ್ಪಟೆ ಪರದೆಯನ್ನೋ ಕೂರಿಸಿ ನಡುಮನೆಯಲ್ಲಿ ಮೆರೆಸುವುದು ಮತ್ತೊಂದು. ನಗುವವರಿಂದ ಆಗುವ ಹಾನಿ ಸ್ವಲ್ಪ. ಹೊಗಳುವವರಿಂದ ಆಗುತ್ತಿರುವ ಹಾನಿಗೆ ಲೆಕ್ಕವಿಲ್ಲ. ಇವರು ಇದನ್ನು ಜೀರ್ಣೋದ್ಧಾರವೆಂದೇ ಕರೆಯುವರು! ಗರ್ಭಗುಡಿಯ ಮೂರ್ತಿಯನ್ನು ತೆಗೆದು ಬೀದಿಗೆಸೆದು, ಗೋಪುರಕ್ಕೆ ಸುಣ್ಣ ಬಳಿದವನನ್ನು ಯಾವ ಊರಿನವರು ಜೀರ್ಣೋದ್ಧಾರಕನೆಂದು ಕರೆದಾರು?

ಬಣ್ಣದ ಟೆಲಿವಿಷನ್ನಿನ ಪ್ರಾಣವು ಮರದ ಪೆಟ್ಟಿಗೆಯಲ್ಲಿಲ್ಲ, ಚಿತ್ರನಳಿಕೆಯಲ್ಲಿರುವುದು. ಗಾಳಿಯನ್ನೆಲ್ಲ ಹೊರದೆಗೆದು ಬಾಯಿ ಮುಚ್ಚಿದ ದೊಡ್ಡ ಗಾಜಿನ ಬುರುಡೆ. ಅದರ ಕೊರಳಿನಲ್ಲಿ ಎಲೆಕ್ಟ್ರಾನುಗಳನ್ನು ಚಿಮ್ಮುವ ಮೂರು ಬಂದೂಕುಗಳು. ಮುಂದುಗಡೆ ಅಸಂಖ್ಯಾತ ರಂಧ್ರಗಳ ಲೋಹದ ಜಾಲರಿ. ಜಾಲರಿಯಾಚೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೊಡುವ ಪುಡಿಗಳ ಚುಕ್ಕೆಗಳು. ಒಂದೊಂದು ಬಂದೂಕಿನ ಕಿರಣವೂ ತನ್ನ ಬಣ್ಣದ ಚುಕ್ಕೆಯನ್ನೇ ತಾಕಬೇಕು, ನೆರೆಯದನ್ನು ಸೋಕಬಾರದು. ಮೂರೂ ಕಿರಣಗಳು ಪರದೆಯ ಮೂಲೆಮೂಲೆಯಲ್ಲಿಯೂ ಒಂದೇ ಎಡೆಯಲ್ಲಿ ಸೇರಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಇದನ್ನು ಸರಿಹೊಂದಿಸುವುದೆಂದರೆ ವೀಣೆಯ ಮೇಳ ಕಟ್ಟಿದಂತೆಯೇ ಸರಿ: ಒಂದನ್ನು ತಿದ್ದಿದರೆ ಮತ್ತೊಂದು ಕದಲುವುದು. ಪೆಟ್ಟಿಗೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿದರೂ ಭೂಮಿಯ ಅಯಸ್ಕಾಂತ ಶಕ್ತಿಯಿಂದ ಮುಖಗಳಿಗೆ ಹಸಿರೋ ನೇರಿಳೆಯೋ ಮೆತ್ತಿಕೊಳ್ಳುವುದುಂಟು.

ಈ ವಿದ್ಯೆಯ ಮೊದಲ ಅಧ್ಯಾಯಗಳು ಅಮೆರಿಕೆಯವು. ೧೯೫೧ನೆಯ ಜೂನ್ ೨೫ರಂದು ಅಲ್ಲಿ ಸಿ. ಬಿ. ಎಸ್. ಸಂಸ್ಥೆಯು ಬಣ್ಣದ ಪ್ರಸಾರವನ್ನು ವಾಣಿಜ್ಯರೀತಿಯಲ್ಲಿ ಆರಂಭಿಸಿತು. ಅದರ ಪೆಟ್ಟಿಗೆಯಲ್ಲಿ ಕಪ್ಪುಬಿಳುಪಿನ ನಳಿಕೆಯ ಮುಂದೆ ಬಣ್ಣದ ಪಟ್ಟಿಗಳುಳ್ಳ ಚಕ್ರವೊಂದು ಗಿರಗಿರನೆ ತಿರುಗುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಸಾರವು ನಿಂತಿತು. ಮಾರಿದ್ದ ಕೆಲವೇ ಪೆಟ್ಟಿಗೆಗಳನ್ನು ಸಂಸ್ಥೆಯೇ ಮರಳಿ ಕೊಂಡು ನಾಶಮಾಡಿತು. ಅನಂತರ ೧೯೫೩ನೆಯ ಡಿಸೆಂಬರ್ ೧೭ರಂದು, ಕಪ್ಪುಬಿಳುಪಿನ ಪೆಟ್ಟಿಗೆಗಳಿಗೂ ಒಗ್ಗುವಂತಹ ಬೇರೊಂದು ಪದ್ಧತಿಯು ಅಲ್ಲಿನ ಸರ್ಕಾರದ ಒಪ್ಪಿಗೆಯನ್ನು ಪಡೆಯಿತು. ಮರುವರ್ಷದ ಮೊದಲ ದಿನವೇ ಪಾಸಡೀನಾ ನಗರದ ಗುಲಾಬಿ ಮೆರವಣಿಗೆಯು ಬಣ್ಣದಲ್ಲಿ ಪ್ರಸಾರವಾಯಿತು. ೧೯೫೪ನೆಯ ಮಾರ್ಚಿಯಲ್ಲಿ ಇಂಡಿಯಾನಾ ಸಂಸ್ಥಾನದ ಬ್ಲೂಮಿಂಗ್ಟನ್ ಕಾರ್ಖಾನೆಯಿಂದ ಆರ್. ಸಿ. ಎ. ಕಂಪೆನಿಯ ಸಿ. ಟಿ. ೧೦೦ ಎಂಬ ಪೆಟ್ಟಿಗೆಯು ಹೊರಬಿದ್ದಿತು. ಬೆಲೆ ೧,೦೦೦ ಡಾಲರು. ಅಂದಿನ ಸಾಧಾರಣ ಮೋಟಾರು ಕಾರಿನ ಅರ್ಧ ಬೆಲೆಗೂ ಮಿಗಿಲು. ಚಿತ್ರನಳಿಕೆಯ ಅಗಲ ೧೫ ಅಂಗುಲ, ಒಳಗೆ ಮೂವತ್ತಕ್ಕೂ ಮೀರಿದ ನಿರ್ವಾತ ನಳಿಕೆಗಳು. ಅದನ್ನು ಹಚ್ಚಿದರೆ ಚಳಿಗಾಲದಲ್ಲಿ ಕೋಣೆಗೆ ಬೇರೆ ಒಲೆ ಬೇಡವೆಂದರೆ ಬಹಳ ಅತಿಶಯೋಕ್ತಿಯಾಗದು.

"ಅಂದಿನ ಚಿತ್ರಗಳನ್ನು ಇಂದಿನ ಪರದೆಯ ಮೇಲೆ ಇನ್ನೂ ಚೆನ್ನಾಗಿ ನೋಡಬಹುದಷ್ಟೆ, ಆ ಭಾರದ ಪೆಟ್ಟಿಗೆ ಏಕೆ?" ಎಂದು ಪೂರ್ವಪಕ್ಷಿಗಳು ಕೇಳುವರು. ಇಲ್ಲಿಯೇ ಅವರ ಅಜ್ಞಾನವು ಹೊರಬೀಳುವುದು. ಆ ಮೊದಲ ನಳಿಕೆಗಳಲ್ಲಿ ಹಸಿರಿಗೆ ಸತುವಿನ ಸಿಲಿಕೇಟು, ಕೆಂಪಿಗೆ ಸತುವಿನ ಫಾಸ್ಫೇಟು ಬಳಕೆಯಲ್ಲಿದ್ದುವು. ಬೆಳಕು ಮಂದ, ಬಣ್ಣ ಮಾತ್ರ ಗಾಢ. ಮುಂದೆ ಬೆಳಕು ಹೆಚ್ಚಬೇಕೆಂದು ಪುಡಿಗಳನ್ನು ಬದಲಾಯಿಸಿದರು. ೧೯೬೪ರಲ್ಲಿ ಯುರೋಪಿಯಂ ಎಂಬ ಅಪರೂಪದ ಧಾತುವಿನ ಕೆಂಪು ಬಂದಿತು. ಪರದೆ ಬೆಳಗಿತು, ಹಸಿರಿನ ಆಳವು ಕುಂದಿತು. ೧೯೫೩ರ ಪದ್ಧತಿಯು ವಿಧಿಸಿದ್ದ ಬಣ್ಣಗಳ ವ್ಯಾಪ್ತಿಯನ್ನು ಅದರ ನಂತರ ಬಂದ ಸಾಧಾರಣ ನಳಿಕೆಗಳು ಮುಟ್ಟಲೇ ಇಲ್ಲ. ಹೀಗಿರಲು, ೧೯೫೪ರ ಒಬ್ಬ ಗೃಹಿಣಿ ಗುಲಾಬಿಯ ಎಲೆಯನ್ನು ಎಂತಹ ಹಸಿರಿನಲ್ಲಿ ಕಂಡಳೆಂಬುದಕ್ಕೆ ಆ ನಳಿಕೆಯೊಂದೇ ಸಾಕ್ಷಿ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ೧೯೦೫ರಲ್ಲಿ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಶಾಮಶಾಸ್ತ್ರಿಗಳು ಪರಿಶೋಧಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದರು. ಅಚ್ಚಾಯಿತಲ್ಲಾ ಎಂದು ಆ ಓಲೆಗಳನ್ನು ಯಾರೂ ಒಲೆಗೆ ಹಾಕಲಿಲ್ಲ. ಪಾಠದ ಸಂಶಯ ಬಂದಾಗ ಹೋಗಬೇಕಾದುದು ಮೂಲಕ್ಕೆ.

ಇನ್ನು ಸಂಗ್ರಾಹಕರಲ್ಲಿಯೇ ಒಂದು ಪಂಗಡವುಂಟು. ಇವರು ಪೆಟ್ಟಿಗೆಯನ್ನು ಬಗೆಯರು, ಆದರೆ ಹಚ್ಚಲೂ ಹಚ್ಚರು. ಸಾಲಾಗಿ ನಿಲ್ಲಿಸಿ, ಮರಕ್ಕೆ ಎಣ್ಣೆ ತೀಡಿ, ಎಣಿಕೆಯನ್ನು ಬಂದವರಿಗೆ ಒಪ್ಪಿಸುವರು. ಕೇಳಿದರೆ, ಹಚ್ಚಿದಷ್ಟೂ ನಳಿಕೆ ಸವೆಯುವುದೆಂದು ಉತ್ತರ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಂದೂಕಿನ ತುದಿಗೆ ಲೇಪಿಸಿದ ಆಕ್ಸೈಡು ಉರಿದಂತೆಲ್ಲ ಕ್ಷಯಿಸುವುದು ನಿಜ. ದಿನವಿಡೀ ಹಚ್ಚಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಹಚ್ಚದಿದ್ದರೆ ಉಳಿಯುವುದೆಂಬುದು ಭ್ರಾಂತಿ. ಸಿ. ಟಿ. ೧೦೦ರ ನಳಿಕೆಗೆ ಲೋಹವೂ ಗಾಜೂ ಕೂಡುವ ಬೆಸುಗೆಯಲ್ಲಿಯೇ ದೋಷ. ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದರೂ ಗಾಳಿಯು ಸೂಕ್ಷ್ಮವಾಗಿ ಒಳನುಗ್ಗಿ, ಎಷ್ಟೋ ನಳಿಕೆಗಳು ಒಂದು ಗಳಿಗೆಯೂ ಉರಿಯದೆ ಸತ್ತಿರುವುವು. ೧೯೬೦ರ ದಶಕದ ನಳಿಕೆಗಳಿಗೆ ಬೇರೊಂದು ರೋಗ: ಮುಖದ ಗಾಜಿಗೂ ರಕ್ಷಣೆಯ ಹೊರಗಾಜಿಗೂ ನಡುವೆ ಹಾಕಿದ ಅಂಟು ಕೊಳೆತು, ಅಂಚಿನಿಂದ ಬಿಳಿಯ ಕಲೆಗಳು ಹಬ್ಬುವುವು. ಬಲ್ಲವರು ಇದನ್ನು ಕಣ್ಣಿನ ಪೊರೆ ಎಂದೇ ಕರೆಯುವರು. ಪೊರೆಯನ್ನು ತೆಗೆಯುವಂತೆ ಹೊರಗಾಜನ್ನು ಬಹು ಎಚ್ಚರದಿಂದ ಬಿಡಿಸಿ ಶುಚಿಮಾಡಿ ಮತ್ತೆ ಕೂಡಿಸುವರು. ಒಳಗಿನ ವಿದ್ಯುತ್ಸಂಗ್ರಾಹಕ ಡಬ್ಬಿಗಳು ಒಣಗುವುದು, ಮೇಣದ ಕಾಗದದವು ಸೋರುವುದು, ಇವು ಕಾಲಧರ್ಮ. ಇಂತಹ ಪೆಟ್ಟಿಗೆಯನ್ನು ಇಪ್ಪತ್ತು ವರ್ಷದ ಮೇಲೆ ಒಮ್ಮೆಗೇ ಗೋಡೆಯ ವಿದ್ಯುತ್ತಿಗೆ ಸಿಕ್ಕಿಸುವವನು ಅದನ್ನು ಕೊಲ್ಲುವನು. ಮೊದಲು ಆ ಡಬ್ಬಿಗಳನ್ನು ಪರೀಕ್ಷಿಸಿ, ಕೆಟ್ಟವನ್ನು ಬದಲಾಯಿಸಿ, ಅನಂತರ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸಬೇಕು. ನಳಿಕೆಯು ನಡೆಯುವಾಗ ೨೦,೦೦೦ದಿಂದ ೨೫,೦೦೦ ವೋಲ್ಟುಗಳು ಅದರಲ್ಲಿರುವುವು; ಆರಿಸಿದ ಮೇಲೂ ಆ ಶಕ್ತಿ ಗಾಜಿನಲ್ಲಿ ಅಡಗಿ ನಿಲ್ಲುವುದರಿಂದ, ತಿಳಿಯದವರು ಹಿಂಬದಿಯ ಹಲಗೆಯನ್ನು ಬಿಚ್ಚಲಾಗದು.

ಇಷ್ಟೆಲ್ಲ ಮಾಡಿದರೂ ಒಂದು ದಿನ ನಳಿಕೆಯು ಸೋಲುವುದು. ಆಗ ಅದರ ಕೊರಳನ್ನು ಕೊಯ್ದು, ಹೊಸ ಬಂದೂಕನ್ನು ಬೆಸೆದು, ಕುಲುಮೆಯಲ್ಲಿ ಕಾಯಿಸುತ್ತ ಗಾಳಿಯನ್ನು ಹೀರಿ, ಮರಳಿ ಬಾಯಿ ಮುಚ್ಚುವ ಕೆಲಸವೊಂದುಂಟು. ಹಿಂದೆ ಅಮೆರಿಕೆಯ ಪಟ್ಟಣ ಪಟ್ಟಣಗಳಲ್ಲಿ ಇದನ್ನು ಮಾಡುವವರಿದ್ದರು. ಕೊನೆಗುಳಿದುದು ಅಯೋವಾ ಸಂಸ್ಥಾನದ ಡಿ ಮಾಯ್ನ್ ನಗರದ ಹಾಕ್-ಐ ಎಂಬ ಕಾರ್ಯಾಗಾರ. ಅದೂ ೨೦೧೦ರಲ್ಲಿ ಮುಚ್ಚಿತು. ಫ್ರಾನ್ಸಿನಲ್ಲಿದ್ದ ಮತ್ತೊಂದು ಕೆಲವು ವರ್ಷಗಳಲ್ಲಿಯೇ ಅದರ ಹಾದಿ ಹಿಡಿಯಿತು. ಒಹಾಯೋ ಸಂಸ್ಥಾನದ ಹಿಲಿಯರ್ಡ್ ಎಂಬಲ್ಲಿ ಹಳೆಯ ಟೆಲಿವಿಷನ್ನುಗಳ ವಸ್ತುಸಂಗ್ರಹಾಲಯವಿದೆ. ಹಾಕ್-ಐ ಕಾರ್ಯಾಗಾರದ ಕುಲುಮೆ, ಪಂಪು ಮುಂತಾದ ಸಲಕರಣೆಗಳನ್ನು ಅಲ್ಲಿಯವರು ಪಡೆದುಕೊಂಡರು. ಇದು ವಿವೇಕದ ಕೆಲಸ. ಆದರೆ ಸಲಕರಣೆ ದೊರೆತ ಮಾತ್ರಕ್ಕೆ ಕೈ ದೊರೆಯಲಿಲ್ಲ. ಗಾಜು ಎಷ್ಟು ಕೆಂಪಗಾದಾಗ ಕೊರಳನ್ನು ಕೂಡಿಸಬೇಕು, ಎಷ್ಟು ಹೊತ್ತು ಆರಬಿಡಬೇಕು, ಇವನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಹೇಳದು. ಘನಪಾಠವನ್ನು ಪುಸ್ತಕದಿಂದ ಕಲಿತವನುಂಟೇ? ಇನ್ನೊಂದು ಪೆಟ್ಟಿಗೆಗೆಂದು ಸಾವಿರಾರು ಡಾಲರು ಸುರಿಯುವ ಸಂಗ್ರಾಹಕರು, ನಳಿಕೆ ಕಟ್ಟುವವನೊಬ್ಬನ ಬಳಿ ಒಬ್ಬ ಹುಡುಗನನ್ನು ಶಿಷ್ಯವೃತ್ತಿಗೆ ಬಿಟ್ಟಿದ್ದರೆ ಈ ದುರವಸ್ಥೆ ಒದಗುತ್ತಿರಲಿಲ್ಲ.

ದೂರದ ಅಮೆರಿಕೆಯ ಕಥೆಯೆಂದು ಇದನ್ನು ಮಡಿಸಿಡುವಂತಿಲ್ಲ. ಭಾರತಕ್ಕೆ ಬಣ್ಣ ಬಂದುದು ೧೯೮೨ರಲ್ಲಿ. ಆ ವರ್ಷದ ಆಗಸ್ಟ್ ೧೫ರ ದಿಲ್ಲಿಯ ಉತ್ಸವ, ನವೆಂಬರಿನ ಏಷ್ಯನ್ ಕ್ರೀಡೆಗಳು, ಇವಕ್ಕಾಗಿ ಎಷ್ಟೋ ಮನೆಗಳಲ್ಲಿ ಸಾಲಮಾಡಿಯೂ ಪೆಟ್ಟಿಗೆ ಕೊಂಡರು. ಜಾರುವ ಮರದ ಬಾಗಿಲು, ಅದಕ್ಕೊಂದು ಬೀಗ, ಮೇಲೊಂದು ಕಸೂತಿ ಬಟ್ಟೆ: ಆ ಪೆಟ್ಟಿಗೆಗಳು ಇಂದು ಕರ್ನಾಟಕದ ಅಟ್ಟಗಳ ಮೇಲೆ ಧೂಳು ಹಿಡಿದಿರುವುವು, ಇಲ್ಲವೆ ಗುಜರಿಗೆ ಸಾಗುತ್ತಿರುವುವು. ಇವುಗಳ ಬಂದೂಕುಗಳು ಒಂದೇ ಸಾಲಿನಲ್ಲಿರುವುದರಿಂದ ಅಮೆರಿಕೆಯ ಮೊದಲ ಪೆಟ್ಟಿಗೆಗಳಷ್ಟು ಕಾಡುವುದಿಲ್ಲ. ಇವನ್ನು ಸರಿಪಡಿಸಬಲ್ಲ ಮೆಕ್ಯಾನಿಕರು ಇನ್ನೂ ಬದುಕಿರುವರು, ಇ. ಎಚ್. ಟಿ. ಟ್ರಾನ್ಸ್‌ಫಾರ್ಮರು ಹೋಗಿದೆಯೋ ನಳಿಕೆಯೇ ಸೋತಿದೆಯೋ ಎಂಬುದನ್ನು ಸದ್ದಿನಿಂದಲೇ ಹೇಳುವವರು ಅವರಲ್ಲಿರುವರು. ದೂರದರ್ಶನದ ಹಳೆಯ ಭೂಪ್ರಸಾರವು ೨೦೨೨ರ ಹೊತ್ತಿಗೆ ಬಹುಮಟ್ಟಿಗೆ ನಿಂತುದು ಅಡ್ಡಿಯಲ್ಲ. ಸಣ್ಣದೊಂದು ಮಾಡ್ಯುಲೇಟರಿನಿಂದ ಇಂದಿನ ಚಿತ್ರವನ್ನೂ ಆ ಪೆಟ್ಟಿಗೆಗೆ ಉಣಿಸಬಹುದು.

ಆದುದರಿಂದ ಜಿಲ್ಲೆಯ ಸಂಘಗಳೂ ಗ್ರಂಥಾಲಯಗಳೂ ಪೆಟ್ಟಿಗೆಗಳ ಪ್ರದರ್ಶನಕ್ಕೆ ಮೊದಲು ಜನರ ಪಟ್ಟಿಯನ್ನು ಮಾಡಲಿ: ಯಾವ ಊರಿನಲ್ಲಿ ಯಾವ ಮೆಕ್ಯಾನಿಕನು ಯಾವ ಬಗೆಯ ಪೆಟ್ಟಿಗೆಯನ್ನು ಬಲ್ಲನು, ಅವನ ಬಳಿ ಯಾವ ನಕ್ಷೆಗಳಿವೆ, ಕಲಿಸಲು ಒಪ್ಪುವನೇ, ಏನು ಸಂಬಳ ಬೇಕು. ಅಂಗಡಿ ಮುಚ್ಚಿದ ಮೇಲೆ ಆ ನಕ್ಷೆಗಳು ಮೊದಲು ಹೋಗುವುದು ಕಡಲೆಕಾಯಿ ಮಾರುವವನ ಗಾಡಿಗೆ.