ಚಿಕ್ಕ ಮೀನುದೋಣಿಯಲ್ಲಿ ಬ್ಯಾಟರಿಯನ್ನು ಇರಿಸತಕ್ಕ ಸ್ಥಳ

ಎತ್ತಿನ ಗಾಡಿಗೆ ಹೇರು ತುಂಬುವ ರೈತನಿಗೆ ಭಾರವನ್ನು ಅಚ್ಚಿನ ಮೇಲೆ ಸಮನಾಗಿ ನಿಲ್ಲಿಸಬೇಕೆಂಬುದನ್ನು ಯಾರೂ ಕಲಿಸಬೇಕಾದುದಿಲ್ಲ. ಭಾರವು ಮುಂದಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಹಿಂದಾದರೆ ನೊಗವು ಮೇಲೆದ್ದು ಕೊರಳಿಗೆ ಕಟ್ಟಿದ ಹಗ್ಗವು ಬಿಗಿಯುತ್ತದೆ. ಇಷ್ಟು ವಿವೇಚನೆಯುಳ್ಳವರೂ ಚಿಕ್ಕ ದೋಣಿಯ ವಿಷಯದಲ್ಲಿ ಮಾತ್ರ ಬ್ಯಾಟರಿಯನ್ನು ಕೈಗೆ ಅನುಕೂಲವಾದ ಕಡೆ ಇಟ್ಟುಬಿಡುವುದುಂಟು. ಗಾಡಿಯು ವಾಲಿದರೆ ಹೇರು ಉರುಳೀತು. ನಡುನೀರಿನಲ್ಲಿ ದೋಣಿಯು ವಾಲಿದರೆ ಪ್ರಾಣಕ್ಕೇ ಅಪಾಯವು ಒದಗುವುದು.

ಮೀನು ಹಿಡಿಯುವ ದೋಣಿಯನ್ನು ಸದ್ದಿಲ್ಲದೆ ಮೆಲ್ಲಗೆ ನಡೆಸುವ ವಿದ್ಯುತ್ ಮೋಟಾರಿಗೆ ಟ್ರೋಲಿಂಗ್ ಮೋಟಾರೆಂದು ಹೆಸರು. 1934ರಲ್ಲಿ ಅಮೆರಿಕದ ನಾರ್ತ್ ಡಕೋಟ ಸಂಸ್ಥಾನದ ಫಾರ್ಗೋ ಪಟ್ಟಣದಲ್ಲಿ ಓ. ಜಿ. ಶ್ಮಿಟ್ ಎಂಬವರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ಬಾಗುವ ದಂಡವನ್ನೂ ನೀರು ತಳ್ಳುವ ಎಲೆಚಕ್ರವನ್ನೂ ಜೋಡಿಸಿ ಇಂಥ ಮೋಟಾರನ್ನು ನಿರ್ಮಿಸಿದರು. ಆ ದೇಶದ ಸರೋವರಗಳಲ್ಲಿ ಇದು ಈಗ ಸರ್ವಸಾಮಾನ್ಯವಾಗಿದೆ. ನಮ್ಮಲ್ಲಿಯೂ ಕೆರೆಯುಳ್ಳ ಜಮೀನುದಾರರು ಇದನ್ನು ತರಿಸಿಕೊಳ್ಳಬಹುದಾದ ಕಾರಣ, ಅದರ ಗುಣದೊಡನೆ ಅದರ ಭಾರವನ್ನೂ ಅರಿತಿರುವುದು ಯುಕ್ತವಾಗಿದೆ.

ಈ ಮೋಟಾರಿಗೆ ಬೇಕಾದ 12 ವೋಲ್ಟಿನ, 100 ಆಂಪಿಯರ್-ಅವರ್ ಪ್ರಮಾಣದ ಸೀಸದ ಬ್ಯಾಟರಿಯೊಂದು ಸುಮಾರು 28 ಕಿಲೋ ತೂಗುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ 14 ಅಡಿ ಉದ್ದದ, ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹಿಂಬದಿಯ ಹಲಗೆಗೆ ಮೋಟಾರನ್ನು ಕಚ್ಚಿಸಿ, ನಡೆಸುವವನು ಅಲ್ಲಿಯೇ ಕುಳಿತು, ತಂತಿಯು ಗಿಡ್ಡವೆಂಬ ಕಾರಣದಿಂದ ಬ್ಯಾಟರಿಯನ್ನೂ ಕಾಲಬುಡದಲ್ಲಿಯೇ ಇಟ್ಟುಕೊಂಡರೆ, 100 ಕಿಲೋಗೂ ಮೀರಿದ ಭಾರವು ಒಂದೇ ತುದಿಗೆ ಬೀಳುತ್ತದೆ. ಆಗ ಮೂತಿಯು ಮೇಲೆದ್ದು ಗಾಳಿಗೆ ಸಿಕ್ಕಿ ದೋಣಿಯು ಹೇಳಿದ ದಿಕ್ಕಿಗೆ ಹೋಗದು; ಹಿಂಬದಿಯ ಹಲಗೆಯು ನೀರಿನ ಮಟ್ಟಕ್ಕೆ ಸಮೀಪವಾಗಿ ಸಣ್ಣ ಅಲೆಯೂ ಒಳನುಗ್ಗುವುದು. ಒಳಗೆ ಬಂದ ನೀರು ತಗ್ಗಾದ ಕಡೆಗೇ ಹರಿದು ಆ ತುದಿಯನ್ನು ಮತ್ತಷ್ಟು ತಗ್ಗಿಸುವುದು.

ಲೆಕ್ಕವೂ ಇದನ್ನೇ ಸ್ಪಷ್ಟಪಡಿಸುತ್ತದೆ. ದೋಣಿಯ ನಡುವಿನಿಂದ 1.8 ಮೀಟರ್ ಹಿಂದಿರುವ 28 ಕಿಲೋ ಬ್ಯಾಟರಿಯನ್ನು ಸರಿದೂಗಿಸಲು, 60 ಕಿಲೋ ತೂಕದ ಒಬ್ಬ ಮನುಷ್ಯನು ನಡುವಿನಿಂದ ಸುಮಾರು 84 ಸೆಂಟಿಮೀಟರ್ ಮುಂದೆ ಕುಳಿತಿರಬೇಕಾಗುತ್ತದೆ. ಬ್ಯಾಟರಿಯನ್ನು ನಡುಹಲಗೆಯ ಕೆಳಗೆ ಸರಿಸಿದರೆ ಆ ಮನುಷ್ಯನ ಅಗತ್ಯವೇ ಇರದು. ಆದಕಾರಣ, ಹಿಂದೆ ಮೋಟಾರುಳ್ಳ ದೋಣಿಯಲ್ಲಿ ಬ್ಯಾಟರಿಯು ನಡುವಿನಲ್ಲಿ, ಒಬ್ಬನೇ ಹೋಗುವುದಾದರೆ ನಡುವಿಗಿಂತ ತುಸು ಮುಂದೆ ಇರತಕ್ಕದ್ದು. ಮೋಟಾರು ಮೂತಿಯಲ್ಲಿದ್ದು ಮೀನು ಹಿಡಿಯುವವನೂ ಅಲ್ಲಿಯೇ ನಿಲ್ಲುವುದಾದರೆ, ನಡುವಿಗಿಂತ ತುಸು ಹಿಂದೆ ಇರತಕ್ಕದ್ದು. ಎರಡರಲ್ಲಿಯೂ ಅದು ತಳಕ್ಕೆ ಹತ್ತಿರವಾಗಿ, ಎಡಬಲಗಳ ನಟ್ಟನಡುವೆ ನಿಲ್ಲಬೇಕು. 24 ವೋಲ್ಟಿನ ಮೋಟಾರಿಗಾಗಿ ಎರಡು ಬ್ಯಾಟರಿಗಳಿದ್ದರೆ ನಡುಗೆರೆಯ ಮೇಲೆ ಒಂದರ ಹಿಂದೊಂದಾಗಿಯೋ, ಎರಡು ಪಕ್ಕಗಳಿಗೆ ಸಮನಾಗಿಯೋ ಇಡಬೇಕಲ್ಲದೆ, ಎರಡನ್ನೂ ಒಂದೇ ಪಕ್ಕಕ್ಕೆ ಒತ್ತರಿಸಬಾರದು.

ಇದಕ್ಕೆ ಪ್ರತಿಯಾಗಿ ಹೇಳುವ ಮಾತೊಂದಿದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬ್ಯಾಟರಿಯು ದೂರವಾದಷ್ಟೂ ತಂತಿಯಲ್ಲಿ ಶಕ್ತಿಯು ನಷ್ಟವಾಗುತ್ತದೆಂಬುದೇ ಆ ಮಾತು. ಅದು ನಿಜ. ಪೂರ್ಣ ವೇಗದಲ್ಲಿ 50 ಆಂಪಿಯರ್ ಎಳೆಯುವ ಮೋಟಾರಿನಿಂದ ಬ್ಯಾಟರಿಯು 2.5 ಮೀಟರ್ ದೂರವಿದ್ದರೆ, ಹೋಗಿಬರುವ ತಂತಿಯು 5 ಮೀಟರ್ ಆಗುತ್ತದೆ. 10 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಸುಮಾರು 0.46 ವೋಲ್ಟ್, ಅಂದರೆ ನೂರಕ್ಕೆ ನಾಲ್ಕರಷ್ಟು, ಕಳೆದುಹೋಗುವುದು. ಆದರೆ 25 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಈ ನಷ್ಟವು ನೂರಕ್ಕೆ ಒಂದೂವರೆಗೆ ಇಳಿಯುತ್ತದೆ. ದಪ್ಪ ತಂತಿಗೆ ತಗಲುವ ಹೆಚ್ಚು ವೆಚ್ಚವು ಒಂದು ಸಲದ್ದು. ಭಾರ ತಪ್ಪಿದ ದೋಣಿಯ ಅಪಾಯವಾದರೋ ಪ್ರತಿದಿನದ್ದು. ತಂತಿಯ ಹಣವನ್ನು ಉಳಿಸಲು ಮನುಷ್ಯನನ್ನು ಅಪಾಯಕ್ಕೊಡ್ಡುವುದು ಮಿತವ್ಯಯವೆನಿಸದು.

ಸ್ಥಳವನ್ನು ಗೊತ್ತುಮಾಡಿದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಬ್ಯಾಟರಿಯನ್ನು ಮುಚ್ಚಳವುಳ್ಳ ಪೆಟ್ಟಿಗೆಯಲ್ಲಿಟ್ಟು, ತಳದಲ್ಲಿ ನಿಲ್ಲುವ ನೀರು ತಾಕದಂತೆ ಹಲಗೆಯ ಮೇಲಿರಿಸಿ, ಪಟ್ಟಿಯಿಂದ ದೋಣಿಗೆ ಬಿಗಿಯಬೇಕು. ಬಿಗಿಯದ ಬ್ಯಾಟರಿಯು ದೋಣಿ ವಾಲಿದೊಡನೆ ವಾಲಿದ ಕಡೆಗೇ ಜಾರಿ, ಚೇತರಿಸಿಕೊಳ್ಳಬಹುದಾಗಿದ್ದ ದೋಣಿಯನ್ನೂ ಮಗುಚಿಬಿಡುವುದು. ಸೀಸದ ಬ್ಯಾಟರಿಯನ್ನು ಚಾರ್ಜು ಮಾಡುವಾಗ ಜಲಜನಕ ಅನಿಲವು ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗವಾದರೆ ಕಿಡಿಯೊಂದಕ್ಕೆ ಹೊತ್ತಿಕೊಳ್ಳುವುದು. ಆದ್ದರಿಂದ ಪೆಟ್ಟಿಗೆಯಲ್ಲಿ ಗಾಳಿಯಾಡಲು ಮೇಲ್ಗಡೆ ಕಿಂಡಿಗಳಿರಬೇಕು; ಪೆಟ್ರೋಲ್ ಡಬ್ಬವನ್ನು ಅದರ ಜೊತೆಗೆ ಎಂದಿಗೂ ಇಡಬಾರದು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕತಕ್ಕದ್ದು.

ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಯು ಅದೇ ಪ್ರಮಾಣದ್ದಾದರೂ ಸುಮಾರು 12 ಕಿಲೋ ಮಾತ್ರ ತೂಗುವುದರಿಂದ ಈ ತೊಂದರೆಯು ಬಹಳಮಟ್ಟಿಗೆ ಕಡಮೆಯಾಗುತ್ತದೆ. ಅದರ ಬೆಲೆಯು ಹೆಚ್ಚು. ಕೊಳ್ಳಲು ಶಕ್ತಿಯಿದ್ದವರಿಗೆ ಅದು ಉತ್ತಮ. ಆದರೆ ಹಗುರವೆಂದು ಬಿಗಿಯದೆ ಬಿಡುವುದು ಮಾತ್ರ ಸಲ್ಲದು.

ಅಮೆರಿಕದಲ್ಲಿ ಇಂಥ ಚಿಕ್ಕ ಮೋಟಾರು ದೋಣಿಗಳ ಮೇಲೆ ಹೊರಬಹುದಾದ ಜನರ ಮತ್ತು ಭಾರದ ಮಿತಿಯನ್ನು ತಿಳಿಸುವ ಫಲಕವಿರಬೇಕೆಂದು ಕಾನೂನೇ ಇದೆ. ಫಲಕವು ಎಷ್ಟೆಂಬುದನ್ನು ತಿಳಿಸುವುದೇ ಹೊರತು, ಭಾರವನ್ನು ಎಲ್ಲಿ ಇಡಬೇಕೆಂಬುದನ್ನು ತಿಳಿಸುವುದಿಲ್ಲ. ಆ ವಿವೇಚನೆಯು ದೋಣಿಯ ಯಜಮಾನನದು. ಕೆರೆಯಲ್ಲಿ ದೋಣಿ ಬಿಡುವ ಜಮೀನುದಾರರೂ, ಅದಕ್ಕೆ ಒಪ್ಪಿಗೆ ಕೊಡುವ ಗ್ರಾಮದ ಮುಖಂಡರೂ ಒಂದು ಸುಲಭವಾದ ಪರೀಕ್ಷೆಯನ್ನು ಕಡ್ಡಾಯಮಾಡಬಹುದು. ಗಾಳಿಯಿಲ್ಲದ ಹೊತ್ತಿನಲ್ಲಿ, ದಡದ ಬಳಿಯ ಮೊಣಕಾಲುದ್ದದ ನೀರಿನಲ್ಲಿ, ಜನ, ಬಲೆ, ಮೋಟಾರು, ಬ್ಯಾಟರಿ ಎಲ್ಲವನ್ನೂ ಹೇರಿಸಿ, ದಡದಲ್ಲಿ ನಿಂತು ದೋಣಿಯ ಅಂಚನ್ನು ನೋಡತಕ್ಕದ್ದು. ಅಂಚು ನೀರಿಗೆ ಸಮನಾಗಿ ಕಾಣುವವರೆಗೆ ಬ್ಯಾಟರಿಯನ್ನು ಸರಿಸಿ, ಆ ಜಾಗಕ್ಕೆ ಬಣ್ಣದ ಗುರುತು ಹಾಕಿಸಬೇಕು. ಬೆಳಗಿನ ಅರ್ಧ ಗಂಟೆಯ ಈ ಕೆಲಸವನ್ನು ಮಾಡಿಸಿ, ತೇಲುವ ಅಂಗಿಯನ್ನು ತೊಡದವನನ್ನು ದೋಣಿಗೆ ಹತ್ತಿಸದಿದ್ದರೆ, ಮೀನಿಗೆಂದು ಹೋದವನು ಸಂಜೆಗೆ ಮನೆಗೆ ಬರುವನೆಂಬ ಧೈರ್ಯವು ಅವನ ಮನೆಯವರಿಗೆ ಇರುವುದು.