ಮರವಂತೆಯ ದಾರಿಯಲ್ಲಿ ಒಂದು ದಿನ

ನಿವೃತ್ತರಾದ ಮೇಲೆ ನೋಡೋಣ ಎಂಬ ಮಾತನ್ನು ನಮ್ಮ ಮನೆಯವರಿಗೆ ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅವರು ಕೇಳುತ್ತಿದ್ದುದಾದರೂ ಕಾಶಿಯನ್ನಲ್ಲ, ಕೇದಾರವನ್ನಲ್ಲ. ಹೊಳೆಯೊಂದು ಕಡಲನ್ನು ಸೇರುವ ಜಾಗವನ್ನು ಕಣ್ಣಾರೆ ಕಾಣಬೇಕೆಂಬುದಷ್ಟೇ ಅವರ ಆಸೆ. ಯಲಹಂಕದಲ್ಲಿ ಬಾಳುವವರಿಗೆ ಇಂಥ ಆಸೆ ಹುಟ್ಟುವುದು ಸಹಜ. ನಮ್ಮಲ್ಲಿರುವುದು ಕೆರೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೇವೆಯೇ ಹೊರತು, ಅದು ತುಂಬಿ ಹರಿದುದನ್ನು ನಾವು ಕಂಡದ್ದು ಅಪರೂಪ.

ಕಳೆದ ವರ್ಷ ಕಣ್ಣಿನ ವೈದ್ಯರು ಅವರಿಗೆ ಗ್ಲಾಕೋಮ ಇದೆಯೆಂದರು. ದೃಷ್ಟಿಯ ನರ ಸವೆಯುವ ಈ ಬೇನೆ ಸಾಮಾನ್ಯವಾಗಿ ಮೊದಲು ಕಸಿಯುವುದು ಅಕ್ಕಪಕ್ಕದ ನೋಟವನ್ನು. ನೋವು ಇಲ್ಲದ ಕಾರಣ ತಿಳಿಯುವುದು ತಡ. ಹೋದ ನೋಟ ಮರಳಿ ಬಾರದು. ದಿನವೂ ತಪ್ಪದೆ ಹನಿ ಹಾಕಿಕೊಂಡು ಉಳಿದುದನ್ನು ಕಾಪಾಡಿಕೊಳ್ಳಬೇಕು. (ಓದುಗರ ಮನೆಗಳಲ್ಲಿ ನಲವತ್ತು ದಾಟಿದವರು, ವಿಶೇಷವಾಗಿ ಮನೆತನದಲ್ಲಿ ಈ ಬೇನೆ ಇದ್ದವರು, ಒಮ್ಮೆ ಕಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.) ಒಂದು ಮುಂಜಾನೆ ಪೂಜೆ ಮುಗಿಸಿದ ಅವರು, “ಅಂಗೈಯ ಲಿಂಗ ಚೆನ್ನಾಗಿ ಕಾಣ್ತದೆ ರೀ, ಪಕ್ಕದಲ್ಲಿ ಕೂತ ನೀವೇ ಕಾಣೋದಿಲ್ಲ” ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಅದೇ ವಾರ ರೈಲಿನ ಟಿಕೆಟು ತೆಗೆಸಿದೆವು.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ಬೆಳಗಾದ ಮೇಲೆ ನಮ್ಮನ್ನು ಕುಂದಾಪುರದಲ್ಲಿ ಇಳಿಸಿತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳು ಕೂಡಿ ಕಡಲಿಗಿಳಿಯುವ ಸೀಮೆಯಿದು. ರೈಲಿನ ಹೆಸರೂ ಅದರಿಂದಲೇ. ದಿನದ ಮಟ್ಟಿಗೆ ಒಂದು ಕಾರನ್ನು ಗೊತ್ತುಮಾಡಿಕೊಂಡೆವು. ಮೊದಲು ಬಸರೂರಿಗೆ ಹೋಗೋಣವೆಂಬುದು ನಮ್ಮ ಹಟ. ವಾರಾಹಿಯ ದಡದ ಆ ಹಳೆಯ ಬಂದರು ಕೆಳದಿಯ ಅರಸರ ಅಕ್ಕಿಯ ವ್ಯಾಪಾರಕ್ಕೆ ಹೆಬ್ಬಾಗಿಲಾಗಿದ್ದುದನ್ನೂ, ಶಿವಪ್ಪ ನಾಯಕನ ಕಾಲದಲ್ಲಿ ಪೋರ್ಚುಗೀಸರು ಅಲ್ಲಿಂದ ಕಾಲ್ತೆಗೆದುದನ್ನೂ, 1665ರಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಅದನ್ನು ಸೂರೆಗೊಂಡುದನ್ನೂ ಕಾರಿನಲ್ಲಿ ಕುಳಿತೇ ವಿಸ್ತರಿಸತೊಡಗಿದೆವು. “ಅದನ್ನೆಲ್ಲ ಮನೆಯಲ್ಲಿ ಹೇಳಿ. ಈಗ ನೋಡೋಣ” ಎಂದರು. ಕಾರು ಉತ್ತರಕ್ಕೆ ತಿರುಗಿತು.

ಹೆಮ್ಮಾಡಿಯಲ್ಲಿ ಸೇವಂತಿಗೆಯ ಕಾಲ. ಮಾರಣಕಟ್ಟೆಯ ಸಂಕ್ರಾಂತಿ ಜಾತ್ರೆಗೆಂದೇ ಬೆಳೆಯುವ ಆ ಪುಟ್ಟ ಹಳದಿ ಹೂವನ್ನು ಒಂದು ಮೊಳ ಕೊಂಡೆವು. ತ್ರಾಸಿ ದಾಟಿ ಮರವಂತೆಗೆ ಬಂದೊಡನೆ ಹೆದ್ದಾರಿಯ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕೆ. ನಡುವೆ ಇರುವುದು ರಸ್ತೆಯೊಂದೇ ಎನ್ನುವಷ್ಟು ಕಿರಿದು ನೆಲ. ಎಡದಲ್ಲಿ ಅಲೆಯ ಮೊರೆತ, ಕೊರೆತ ತಡೆಯಲು ರಾಶಿ ಹಾಕಿದ ಬಂಡೆಗಳು. ಬಲದಲ್ಲಿ ಅಲುಗದ ನೀರು, ತೆಂಗಿನ ತೋಟ, ದೂರದಲ್ಲಿ ಕೊಡಚಾದ್ರಿಯ ಕಡೆಯ ನೀಲಿ ಬೆಟ್ಟಸಾಲು. ಆ ಬೆಟ್ಟಗಳಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು ಬಂದ ಹೊಳೆ ಕಡಲಿಗೆ ಕೂಗಳತೆಗಿಂತಲೂ ಸಮೀಪಿಸಿ, ಅಲೆಗಳೇ ತಂದೊಡ್ಡಿದ ಮರಳದಿಣ್ಣೆಯನ್ನು ದಾಟಲಾರದೆ ದಕ್ಷಿಣಕ್ಕೆ ಹೊರಳುತ್ತದೆ. ಮತ್ತೆ ಸುಮಾರು 10 ಕಿಲೋಮೀಟರು ಹರಿದು ಗಂಗೊಳ್ಳಿಯಲ್ಲಿ ಕಡಲನ್ನು ಕೂಡುತ್ತದೆ.

ಇಳಿದು ನಿಂತೆವು. ಬಂದವರೆಲ್ಲ ಎರಡನ್ನೂ ಒಂದೇ ನೋಟದಲ್ಲಿ ಕಂಡು ಬೆರಗಾಗುತ್ತಿದ್ದರು. ನಮ್ಮ ಮನೆಯವರು ಮಾತ್ರ ಕಡಲನ್ನು ನೋಡಿ, ನಿಧಾನವಾಗಿ ಇಡೀ ಮೈ ತಿರುಗಿಸಿ ಹೊಳೆಯನ್ನು ನೋಡಿ, ಮತ್ತೆ ಕಡಲ ಕಡೆ ತಿರುಗುತ್ತಿದ್ದರು. ಐದಾರು ಸಲ ಹಾಗೆ ಮಾಡಿದರು. ನಾವು ವಿವರಿಸಲು ಹೊರಟವರು ಬಾಯಿ ಮುಚ್ಚಿಕೊಂಡೆವು. ಹತ್ತು ವರ್ಷ ಮುಂಚೆ ಬಂದಿದ್ದರೆ ಅವರು ತಿರುಗಬೇಕಾಗಿರಲಿಲ್ಲ. ಆಗ ನಮ್ಮ ಬಳಿ ಇಲ್ಲದ್ದು ಹಣವಲ್ಲ, ರಜೆಯೂ ಅಲ್ಲ.

ಬೈಂದೂರು, ಒತ್ತಿನೆಣೆಯ ಗುಡ್ಡ, ಊಟ. ಅವುಗಳ ಬಗೆಗೆ ಹೆಚ್ಚು ಬರೆಯಲಾರೆವು, ಬಿಸಿಲು ಬಲವಾಗಿತ್ತು. ಮರಳಿ ಬರುವಾಗ ಒಂದು ಅನುಕೂಲ ಒದಗಿತು. ಎಡಗಡೆಯ ಕಿಟಕಿಯಲ್ಲೇ ಕುಳಿತಿದ್ದ ಅವರಿಗೆ ಹೋಗುವಾಗ ಕಡಲು ಕಂಡಿತ್ತು, ಈಗ ಅದೇ ಕಿಟಕಿಗೆ ಹೊಳೆ ಬಂದಿತು. ಕಾರಿನ ಹುಡುಗ ತಾನಾಗಿಯೇ ವೇಗ ತಗ್ಗಿಸಿದನು.

ಸಂಜೆ ಗಂಗೊಳ್ಳಿಗೆ ಹೋದೆವು. ಮೀನುಗಾರರ ದೋಣಿಗಳು ಅಳಿವೆಯೊಳಗೆ ಮರಳುತ್ತಿದ್ದವು. “ಎಲ್ಲಿಗೆ ಹೊಳೆ ಮುಗೀತು?” ಎಂದು ಅವರು ಕೇಳಿದರು. ಕಾವ್ಯ, ವ್ಯಾಕರಣ ಓದಿದ ನಾವು ಬೆರಳು ಮಾಡಿ ತೋರಲಾರದೆ ಹೋದೆವು. ಆ ಹುಡುಗನೇ ಹೇಳಿದನು: ಭರತದಲ್ಲಿ ಉಪ್ಪುನೀರು ಹೊಳೆಯೊಳಗೆ ಬಹುದೂರ ಏರುತ್ತದೆ, ಇಳಿತದಲ್ಲಿ ಹೊಳೆಯ ನೀರು ಕಡಲೊಳಕ್ಕೆ ಹೋಗುತ್ತದೆ, ಗಡಿ ದಿನಕ್ಕೆರಡು ಸಲ ಸರಿದಾಡುತ್ತದೆ, ಅಮ್ಮಾ.

ಅವರು ಅಳಿವೆಯ ಬಾಯಿಗೆ ಮುಖಮಾಡಿ ನಿಂತರು. ಮುಂದೆ ಹೊಳೆಯ ನೀರು, ಅದರಾಚೆ ಕಡಲು, ಅದರ ಮೇಲೆ ಇಳಿಯುತ್ತಿದ್ದ ಸೂರ್ಯ. “ಇಲ್ಲಿ ತಿರುಗಬೇಕಾಗಿಲ್ಲ ರೀ, ಎಲ್ಲ ಎದುರಿಗೇ ಇದೆ” ಎಂದರು.

ಕತ್ತಲಾಗುವವರೆಗೂ ಅಲ್ಲಿಯೇ ಇದ್ದೆವು. ಕಣ್ಣಿಗೆ ಹನಿ ಹಾಕುವ ಹೊತ್ತು ಮೀರಿಹೋಗಿತ್ತು. ಕಾರಿನೊಳಗಿನ ದೀಪ ಹಚ್ಚಿಸಿ, ಹುಡುಗನಿಗೆ ಸ್ವಲ್ಪ ನಿಲ್ಲೆಂದು ಹೇಳಿ, ಹಾಕಿದೆವು.