ಕಾಡು ಕಾಯುವವರ ದಣಿವು

ಬೇಸಿಗೆ ಬಂತೆಂದರೆ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಕಾಡಂಚಿನ ಊರುಗಳಿಗೆ ಕಾಳ್ಗಿಚ್ಚಿನ ಚಿಂತೆ. ಬೆಂಕಿರೇಖೆ ತೆಗೆಯುವುದು, ಹಗಲಿರುಳು ತಿರುಗುವುದು, ಹೊಗೆ ಕಂಡೊಡನೆ ಹಸಿ ಸೊಪ್ಪು ಹಿಡಿದು ಓಡುವುದು ಅರಣ್ಯ ರಕ್ಷಕರ ಹಾಗೂ ದಿನಗೂಲಿ ವಾಚರ್‌ಗಳ ಪಾಲಿನ ಕೆಲಸ. ಮೈದಣಿವು ನಿದ್ರೆಯಿಂದ ಕಳೆದೀತು. ನಿದ್ರೆಯಿಂದಲೂ ಕಳೆಯದ ದಣಿವೊಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅದನ್ನು ರೋಗವೆಂದು ಕರೆಯದೆ, ವೃತ್ತಿಗೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯಕ್ಷಮತೆ ಕುಗ್ಗುವುದು. ಹೊರೆ ಹೆಚ್ಚಿದ್ದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿರುವಲ್ಲಿ ಮಾನಸಿಕ ಬಳಲಿಕೆ ಹೆಚ್ಚೆಂದು ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲಿಯೇ ತೋರಿಸಿದ್ದರು.

ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲನ್ನೇ ನೋಡಿರಿ. ದಿನಗಟ್ಟಲೆ ಕುಳಿತು ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆಯುವವರ ಬೆನ್ನೂ ನೋಯುತ್ತದೆ. ಆದರೆ ಗೆರೆ ಎಳೆಯುವ ಬಗೆ ಅವರದೇ. ಗಾಳಿಯ ದಿಕ್ಕು, ಒಣಹುಲ್ಲು, ದನದ ಕಾಲುದಾರಿ ಬಲ್ಲ ವಾಚರ್‌ಗೆ ‘ಹೇಳಿದಷ್ಟು ಮಾಡು’ ಎಂಬ ಮಾತೊಂದೇ ದಕ್ಕಿದರೆ ಆ ಅರಿವು ಬತ್ತದೆ ಇದ್ದೀತೆ?

ಹಾಗೆಂದು, ಬಳಲಿದವರಿಂದ ಹೊಸ ಉಪಾಯಗಳನ್ನು ಬೇಡುವುದೂ ಮತ್ತೊಂದು ಹೊರೆಯೇ. ಸೃಜನಶೀಲತೆ ವಿಶ್ರಾಂತಿಗೆ ಬದಲಿಯಲ್ಲ. ಮೊದಲು ಸಕಾಲಕ್ಕೆ ಕೂಲಿ, ಸರದಿಯ ಪಾಳಿ, ವಾರದ ರಜೆ ಸಿಗಲಿ. ಬೆಂಕಿರೇಖೆ ಎಲ್ಲಿ, ಯಾವಾಗ ಎಂಬ ನಿರ್ಧಾರದಲ್ಲಿ ಅವರ ಮಾತಿಗೂ ಬೆಲೆಯಿರಲಿ. ಬೇಸಿಗೆಗೆ ಮುನ್ನವೇ ಗ್ರಾಮ ಅರಣ್ಯ ಸಮಿತಿಗಳು ಅವರನ್ನು ಕರೆದು ಕೇಳಲಿ. ಕಾಯುವವರ ಮನಸ್ಸು ಬತ್ತಿದ ಮೇಲೆ ಕಾಡು ಹಸಿರಾಗಿ ಉಳಿಯದು.